ದಾಳದಾಟಕ್ಕೆ ಕನ್ನಡ ಆ್ಯಪ್: ಒಜಿಎಲ್, ಸಿಸಿ-ಬೈ, ಓಆರ್‌ಸಿ – ಯಾವ ಲೈಸೆನ್ಸ್ ಹಿಡಿಯುವುದು?

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಐದಾರು ಗೆಳೆಯರು ಸೇರಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಡಿ ಆ್ಯಂಡ್ ಡಿ) ಜಾತಿಯ, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ದಾಳ ಹಾಕಿ ಕತೆ ಕಟ್ಟುವ ಆಟ ಆಡುತ್ತಾರೆ ಎಂದುಕೊಳ್ಳಿ. ಮೇಜಿನ ಸುತ್ತ ಮಾತು ಕನ್ನಡ, ತುಳು, ಮಲಯಾಳ ಮೂರರಲ್ಲೂ ಓಡುತ್ತದೆ; ಪಾತ್ರದ ಅಂಕಗಳನ್ನು ಬರೆದಿಡುವ ಕ್ಯಾರೆಕ್ಟರ್ ಶೀಟ್ ಮಾತ್ರ ಇಂಗ್ಲಿಷ್. ಶೀಟನ್ನು ಕನ್ನಡಕ್ಕೆ ತಂದು, ಕೂಡಿಸಿ ಕಳೆಯುವ ಕೆಲಸವನ್ನು ಫೋನಿಗೇ ಬಿಡುವ ಆ್ಯಪ್ ಬರೆಯೋಣ ಎಂದು ಅವರಲ್ಲಿ ಒಬ್ಬರಿಗಾದರೂ ಹೊಳೆಯದೆ ಇರುವುದಿಲ್ಲ. ಕೋಡ್ ಬರೆಯುವುದು ದೊಡ್ಡ ಸಂಗತಿಯಲ್ಲ. ಆ ನಿಯಮಗಳು ಯಾರ ಸೊತ್ತು, ಯಾವ ಲೈಸೆನ್ಸಿನ ಬಲದಲ್ಲಿ ಅವನ್ನು ಆ್ಯಪಿನೊಳಗೆ ಹಾಕುವುದು ಎಂಬಲ್ಲಿಗೆ ಬಂದಾಗ ಕೆಲಸ ನಿಲ್ಲುತ್ತದೆ.

ಲೈಸೆನ್ಸುಗಳನ್ನು ಹೆಸರಿನ ಮೇಲೆ ಆರಿಸಲು ಹೋಗಬೇಡಿ. ನಿಮ್ಮ ಆ್ಯಪ್ ನಿಯಮಪುಸ್ತಕದ ಮಾತನ್ನು ಎಷ್ಟು ಒಳಗಿಟ್ಟುಕೊಳ್ಳುತ್ತದೆ, ಅದನ್ನು ಏನು ಮಾಡುತ್ತದೆ ಎಂದು ಮೊದಲು ನೋಡಿ. ಉತ್ತರ ಬಹುಪಾಲು ಅಲ್ಲೇ ಸಿಗುತ್ತದೆ.

ಆಡುವ ವಿಧಾನ ಯಾರದ್ದೂ ಅಲ್ಲ, ಬರೆದ ವಾಕ್ಯಕ್ಕೆ ಒಡೆಯ ಉಂಟು

ಆಟದ ವಿಧಾನಕ್ಕೆ ಕಾಪಿರೈಟ್ ಇಲ್ಲ. ಅಮೆರಿಕದ ಕಾಪಿರೈಟ್ ಕಾಯ್ದೆಯ 102(ಬಿ) ವಿಧಿ ಇದನ್ನು ನೇರವಾಗಿ ಹೇಳುತ್ತದೆ. ನಮ್ಮಲ್ಲಿ 1978ರ ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕಲ್ಪನೆಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ ಎಂದಿತು. 20 ಮುಖದ ದಾಳ ಹಾಕಿ, ಹೆಚ್ಚುವರಿ ಸೇರಿಸಿ, ಎದುರಾಳಿಯ ರಕ್ಷಾಂಕಕ್ಕೆ ಸಮನಾದರೆ ಅಥವಾ ಮೀರಿದರೆ ಏಟು ತಾಗಿತು ಎನ್ನುವುದು ವಿಧಾನ. ಅದನ್ನು ಯಾರು ಬೇಕಾದರೂ ಕೋಡಿನಲ್ಲಿ ಬರೆಯಬಹುದು. ಮಂತ್ರದ ವಿವರಣೆಯ ವಾಕ್ಯಗಳು, ರಾಕ್ಷಸನ ವರ್ಣನೆ, ಚಿತ್ರ, ನಕ್ಷೆ, ಕತೆಯ ಪಾತ್ರಗಳು ಬರೆದವರ ಸೊತ್ತು.

ಕನ್ನಡದಲ್ಲಿ ಆ್ಯಪ್ ಮಾಡುವವರು ಮುಗ್ಗರಿಸುವ ಜಾಗ ಇದರ ಪಕ್ಕದಲ್ಲೇ ಇದೆ. ‘ನಾನು ಇಂಗ್ಲಿಷಿನ ಒಂದು ಸಾಲನ್ನೂ ನಕಲು ಹೊಡೆದಿಲ್ಲ, ಎಲ್ಲ ನನ್ನದೇ ಕನ್ನಡ’ ಎಂಬ ವಾದ ನಿಲ್ಲುವುದಿಲ್ಲ. 1957ರ ಭಾರತೀಯ ಕಾಪಿರೈಟ್ ಕಾಯ್ದೆಯ 14ನೇ ವಿಧಿ ಅನುವಾದದ ಹಕ್ಕನ್ನೂ ಮೂಲದ ಒಡೆಯನಿಗೇ ಕೊಟ್ಟಿದೆ. ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಕನ್ನಡಕ್ಕಿಳಿಸಿದರೆ ಲೈಸೆನ್ಸ್ ಬೇಕೇ ಬೇಕು. ಹಾಗಾಗಿ ಇಂಗ್ಲಿಷ್ ಆ್ಯಪಿಗಿಂತ ಕನ್ನಡ ಆ್ಯಪಿಗೆ ಲೈಸೆನ್ಸಿನ ಪ್ರಶ್ನೆ ಒಂದು ತೂಕ ಹೆಚ್ಚು.

ಬರೀ ದಾಳ ಹಾಕಿ ಲೆಕ್ಕ ಮಾಡುವ ಆ್ಯಪ್, ಖಾಲಿ ಕ್ಯಾರೆಕ್ಟರ್ ಶೀಟ್, ಯಾರ ಸರದಿ ಎಂದು ತೋರಿಸುವ ಪಟ್ಟಿ – ಇಷ್ಟೇ ಆದರೆ ಯಾವ ಲೈಸೆನ್ಸೂ ಬೇಡ. ಆಟದ ಹೆಸರನ್ನೂ ಲೋಗೋವನ್ನೂ ನಿಮ್ಮ ಆ್ಯಪಿನ ಹೆಸರಿನಲ್ಲಿ ಹಾಕಬೇಡಿ. ಅದು ಟ್ರೇಡ್‌ಮಾರ್ಕ್, ಅದರ ದಾರಿಯೇ ಬೇರೆ. ಮಂತ್ರ, ಆಯುಧ, ರಾಕ್ಷಸರ ವಿವರವನ್ನು ಒಳಗೆ ತುಂಬಿದ ಕ್ಷಣದಿಂದ ಕೆಳಗಿನದ್ದೆಲ್ಲ ಅನ್ವಯಿಸುತ್ತದೆ.

ಒಜಿಎಲ್ 1.0ಎ: ಹಳೆಯ ಮನೆ, ಒಳಗೆ ಸಾಮಾನು ಬಹಳ

ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪೆನಿ ಓಪನ್ ಗೇಮ್ ಲೈಸೆನ್ಸನ್ನು 2000ದಲ್ಲಿ ಡಿ ಆ್ಯಂಡ್ ಡಿ 3ನೇ ಆವೃತ್ತಿಯ ಜೊತೆ ತಂದಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಾವಿರಾರು ಪುಸ್ತಕ ಇದರಡಿ ಬಂದವು. ಪಾತ್‌ಫೈಂಡರ್‌ನ 2009ರ ಮೊದಲ ಆವೃತ್ತಿ, 2006ರ ಓಸ್ರಿಕ್, ಟ್ರಾವೆಲರ್‌ನ 2008ರ ಎಸ್‌ಆರ್‌ಡಿ – ಬೇರೆ ಬೇರೆ ಆಟಗಳಾದರೂ ಎಲ್ಲ ಇದರ ಮಕ್ಕಳೇ. ಎಸ್‌ಆರ್‌ಡಿ ಎಂದರೆ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್, ಅಂದರೆ ಬೇರೆಯವರು ಬಳಸಲೆಂದು ಕಂಪೆನಿ ಬಿಟ್ಟುಕೊಟ್ಟ ನಿಯಮಗಳ ಸಾರ.

ಇದರಡಿ ಪಠ್ಯ ಎರಡು ಪಾಲಾಗುತ್ತದೆ. ‘ಓಪನ್ ಗೇಮ್ ಕಂಟೆಂಟ್’ ಎಲ್ಲರಿಗೂ ತೆರೆದದ್ದು. ‘ಪ್ರಾಡಕ್ಟ್ ಐಡೆಂಟಿಟಿ’ ಮುಟ್ಟಬಾರದ್ದು. ಬಿಹೋಲ್ಡರ್, ಮೈಂಡ್ ಫ್ಲೇಯರ್, ಡಿಸ್‌ಪ್ಲೇಸರ್ ಬೀಸ್ಟ್, ಅಂಬರ್ ಹಲ್ಕ್ ಮೊದಲಾದ ರಾಕ್ಷಸರು ಎರಡನೆಯ ಪಾಲಿಗೆ ಸೇರಿದವರು. ಮಂತ್ರಗಳಲ್ಲೂ ಮಾಂತ್ರಿಕರ ಹೆಸರು ಕಳಚಿಹೋಗಿದೆ: ಪುಸ್ತಕದ ‘ಟಾಶಾಸ್ ಹಿಡಿಯಸ್ ಲಾಫ್ಟರ್’ ಎಸ್‌ಆರ್‌ಡಿಯಲ್ಲಿ ಬರೀ ‘ಹಿಡಿಯಸ್ ಲಾಫ್ಟರ್’, ‘ಬಿಗ್‌ಬಿಸ್ ಹ್ಯಾಂಡ್’ ಅಲ್ಲಿ ‘ಆರ್ಕೇನ್ ಹ್ಯಾಂಡ್’. ಕನ್ನಡದಲ್ಲಿ ‘ಟಾಶಾಳ ವಿಕಟನಗು’ ಎಂದು ಬರೆದರೂ ತೊಂದರೆ ಅದೇ.

ಸಾಫ್ಟ್‌ವೇರ್ ಮಾಡುವವರಿಗೆ ಒಜಿಎಲ್ ಕಿರಿಕಿರಿ ಕೊಡುವುದು ಅದು ಮುದ್ರಿತ ಪುಸ್ತಕವನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದಾದ್ದರಿಂದ. ಅದರ ವ್ಯಾಖ್ಯೆಯಲ್ಲೇ ‘ಬೇರೆ ಕಂಪ್ಯೂಟರ್ ಭಾಷೆಗಳಿಗೆ ಮಾಡಿದ ಅನುವಾದ’ವೂ ಸೇರಿದೆ. (ಅದೇ ವಾಕ್ಯದಲ್ಲಿ ಪಾನ ಮಾಡುವುದು ಎಂಬರ್ಥದ ‘ಪೊಟೇಷನ್’ ಎಂಬ ಶಬ್ದವೂ ಹೇಗೋ ನುಸುಳಿ ಇಂದಿಗೂ ಕೂತಿದೆ, ವಕೀಲರು ಓದಿದ ಕಾಗದಕ್ಕೂ ಪ್ರೂಫ್ ನೋಡುವವರು ಬೇಕು.) ಹಾಗಾಗಿ ನಿಯಮವನ್ನು ಕೋಡಾಗಿ ಬರೆದಲ್ಲಿ, ಆ ಕೋಡಿನ ಎಷ್ಟು ಭಾಗ ತೆರೆದದ್ದು ಎಂಬ ಪ್ರಶ್ನೆ ಏಳುತ್ತದೆ. ತೆರೆದ ಭಾಗ ಯಾವುದು ಎಂದು ಸ್ಪಷ್ಟವಾಗಿ ಗುರುತಿಸಬೇಕು ಎನ್ನುತ್ತದೆ 8ನೇ ಕಲಂ. ಬಳಕೆದಾರ ಅದನ್ನು ಕಣ್ಣಿಂದ ಓದಿ ಅರ್ಥ ಮಾಡಿಕೊಳ್ಳುವಂತಿರಬೇಕು ಎನ್ನುವುದು ಕಂಪೆನಿ ಹಿಂದೆ ಸಾಫ್ಟ್‌ವೇರ್‌ನವರಿಗೆ ಕೊಟ್ಟಿದ್ದ ವಿವರಣೆಯ ತಾತ್ಪರ್ಯ. ಕಂಪೈಲ್ ಆದ ಬೈನರಿಯೊಳಗೆ ಮಂತ್ರದ ಪಟ್ಟಿ ಹುದುಗಿದ್ದರೆ ಈ ಷರತ್ತು ಈಡೇರಿದ್ದು ಹೇಗೆ ಎಂದು ತೋರಿಸುವುದು ಕಷ್ಟ. ಪಿಸಿಜೆನ್ ಎಂಬ ಹಳೆಯ ಮುಕ್ತ ತಂತ್ರಾಂಶ ಹಿಡಿದ ದಾರಿ ಸರಿ: ಎಂಜಿನ್ ಜಾವಾದಲ್ಲಿ, ಆಟದ ಡೇಟಾ ಎಲ್ಲ ಹೊರಗೆ ಸಾದಾ ಪಠ್ಯದ ಫೈಲುಗಳಲ್ಲಿ.

ಇನ್ನೂ ಮೂರು ಕಡೆ ಎಡವುತ್ತಾರೆ. 10ನೇ ಕಲಮಿನಂತೆ ಹಂಚುವ ಪ್ರತಿಯೊಂದು ಪ್ರತಿಯ ಜೊತೆ ಲೈಸೆನ್ಸಿನ ಪೂರ್ತಿ ಪಠ್ಯ ಇರಬೇಕು. ವೆಬ್‌ಸೈಟಿಗೆ ಕೊಂಡಿ ಕೊಟ್ಟರೆ ಸಾಲದು. ನೀವು ಬಳಸಿದ ಪ್ರತಿ ಮೂಲದ ಕಾಪಿರೈಟ್ ಸಾಲನ್ನೂ 15ನೇ ಕಲಮಿಗೆ ಸೇರಿಸಬೇಕು. ಮೂರನೆಯವರ ಪುಸ್ತಕದಿಂದ ಒಂದೇ ಒಂದು ರಾಕ್ಷಸನನ್ನು ತಂದರೂ ಆ ಪುಸ್ತಕದ 15ನೇ ಕಲಮಿನಲ್ಲಿದ್ದ ಸಾಲುಗಳೆಲ್ಲ ನಿಮ್ಮಲ್ಲಿಗೆ ಬರಬೇಕು. ಐದು ಪುಸ್ತಕದಿಂದ ತೆಗೆದರೆ ಈ ಪಟ್ಟಿಯೇ ಎರಡು ಪುಟ. ಮೂರನೆಯದು 7ನೇ ಕಲಂ: ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಟ್ರೇಡ್‌ಮಾರ್ಕಿನ ಹೆಸರೆತ್ತಿ ‘ಇದು ಅದಕ್ಕೆ ಹೊಂದುತ್ತದೆ’ ಎನ್ನುವಂತಿಲ್ಲ. ಸಾಮಾನ್ಯ ಟ್ರೇಡ್‌ಮಾರ್ಕ್ ಕಾನೂನು ಬಿಟ್ಟುಕೊಡುವ ಸಲಿಗೆಯನ್ನೂ ನೀವು ಇಲ್ಲಿ ಒಪ್ಪಿ ಬಿಟ್ಟುಕೊಟ್ಟ ಹಾಗೆ. ಪ್ಲೇ ಸ್ಟೋರಿನ ವಿವರಣೆಯಲ್ಲಿ ಹುಡುಕುಪದವಾಗಿ ಆಟದ ಹೆಸರನ್ನು ತುರುಕುವವರು ಸಿಕ್ಕಿಬೀಳುವುದು ಇದರಲ್ಲೇ. ತಪ್ಪು ಗಮನಕ್ಕೆ ಬಂದಮೇಲೆ ಸರಿಪಡಿಸಲು 13ನೇ ಕಲಂ 30 ದಿನ ಕೊಡುತ್ತದೆ. ಆಮೇಲೆ ಲೈಸೆನ್ಸ್ ತನ್ನಿಂತಾನೇ ಹೋಗುತ್ತದೆ.

2023ರ ಜನವರಿಯ ಗಲಾಟೆ ನಿಮಗೆ ಗೊತ್ತಿರಬಹುದು. ಒಜಿಎಲ್ 1.1ರ ಕರಡು ಹೊರಬಿತ್ತು, ಹಳೆಯ ಆವೃತ್ತಿ ಇನ್ನು ‘ಅಧಿಕೃತ’ವಲ್ಲ ಎಂಬ ಮಾತು ಅದರಲ್ಲಿತ್ತು. 1.0ಎಯ 4ನೇ ಕಲಮಿನಲ್ಲಿ ‘ಶಾಶ್ವತ’ ಎಂದಿದೆ, ‘ಹಿಂಪಡೆಯಲಾಗದ’ ಎಂದಿಲ್ಲ; 9ನೇ ಕಲಂ ‘ಅಧಿಕೃತ ಆವೃತ್ತಿ’ ಎನ್ನುತ್ತದೆ. ಆ ಎರಡು ಸಂದಿನಲ್ಲಿ ಬೆರಳು ಹಾಕಿದ್ದಕ್ಕೆ ಅಷ್ಟು ಗದ್ದಲ. ಕಂಪೆನಿ ಕೊನೆಗೆ ಹಿಂದೆ ಸರಿಯಿತು, 1.0ಎ ಇದ್ದ ಹಾಗೇ ಉಳಿಯಿತು. ಆದರೂ ಹೊಸದಾಗಿ ಶುರು ಮಾಡುವವರು ಒಜಿಎಲ್ ಹಿಡಿಯಬೇಕಾದ ಕಾರಣ ಒಂದೇ: ನಿಮಗೆ ಬೇಕಾದ ಹಳೆಯ ಸಾಮಗ್ರಿ ಬೇರೆಲ್ಲೂ ಸಿಗದಿರುವುದು. ಪಾತ್‌ಫೈಂಡರ್ ಮೊದಲ ಆವೃತ್ತಿಗೆ ಆ್ಯಪ್ ಬೇಕೆಂದರೆ ಬೇರೆ ದಾರಿಯಿಲ್ಲ. ಉಳಿದವರು ಮುಂದೆ ಓದಿ.

ಸಿಸಿ-ಬೈ 4.0: ಕನ್ನಡ ಆ್ಯಪಿಗೆ ಮೊದಲ ಆಯ್ಕೆ

ಅದೇ ಗಲಾಟೆಯ ಫಲವಾಗಿ 2023ರ ಜನವರಿ 27ರಂದು ಡಿ ಆ್ಯಂಡ್ ಡಿ 5ನೇ ಆವೃತ್ತಿಯ ಎಸ್‌ಆರ್‌ಡಿ 5.1 ಪೂರ್ತಿಯಾಗಿ ಕ್ರಿಯೇಟಿವ್ ಕಾಮನ್ಸ್ ಅಟ್ರಿಬ್ಯೂಷನ್ 4.0 ಅಡಿಯಲ್ಲಿ ಬಂತು. 400 ಪುಟಕ್ಕೂ ಮೇಲ್ಪಟ್ಟ ಪಿಡಿಎಫ್. ಈ ಲೈಸೆನ್ಸನ್ನು ಹಿಂಪಡೆಯಲಾಗದು ಎಂದು ಪಠ್ಯದಲ್ಲೇ ಇದೆ. ಅನುವಾದ ಮಾಡಬಹುದು, ಮಾರಬಹುದು, ಬದಲಿಸಬಹುದು. ನೀವು ಸೇರಿಸಿದ್ದನ್ನು ಹಂಚಲೇಬೇಕೆಂಬ ಒತ್ತಾಯವಿಲ್ಲ. ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದಗಳನ್ನು ಕಂಪೆನಿಯೇ ಕೊಟ್ಟಿದೆ. ಕನ್ನಡಕ್ಕೆ ನಾವೇ ಕೈ ಹಾಕಬೇಕು, ಅದಕ್ಕೆ ಅಡ್ಡಿಯೂ ಇಲ್ಲ.

2025ರ ಏಪ್ರಿಲಿನಲ್ಲಿ ಎಸ್‌ಆರ್‌ಡಿ 5.2 ಬಂತು, ಅದೂ ಸಿಸಿ-ಬೈ 4.0. ಎರಡರಲ್ಲಿ ಯಾವುದು? ನಿಮ್ಮ ಗುಂಪು ಯಾವ ಪುಸ್ತಕದಿಂದ ಆಡುತ್ತದೋ ಅದು. 5.1ರಲ್ಲಿ ಪಾತ್ರಗಳಿಗೆ 12 ವರ್ಗಗಳಿವೆ (ಯೋಧ, ಮಾಂತ್ರಿಕ ಹೀಗೆ), ಒಂದೊಂದಕ್ಕೆ ಒಂದೇ ಉಪವರ್ಗ. ಫೀಟ್, ಅಂದರೆ ಪಾತ್ರದ ವಿಶೇಷ ಸಾಮರ್ಥ್ಯ, ಒಂದೇ (ಗ್ರ್ಯಾಪ್ಲರ್), ಹಿನ್ನೆಲೆಯೂ ಒಂದೇ (ಅಕೋಲೈಟ್). ‘ಎಲ್ಲ ಉಪವರ್ಗವೂ ಇರುವ ಕನ್ನಡ ಆ್ಯಪ್’ ಎಂದು ಜಾಹೀರಾತು ಕೊಡುವ ಮೊದಲು ಇದು ನೆನಪಿರಲಿ; ಉಳಿದ ಉಪವರ್ಗಗಳು ದುಡ್ಡು ಕೊಟ್ಟು ಕೊಳ್ಳುವ ಪುಸ್ತಕದಲ್ಲಿವೆ, ಯಾವ ಎಸ್‌ಆರ್‌ಡಿಯಲ್ಲೂ ಇಲ್ಲ. 5.2ರಲ್ಲಿ ಹಿನ್ನೆಲೆ ನಾಲ್ಕು, ಫೀಟ್ ಇನ್ನಷ್ಟು, ಆಯುಧಗಳಿಗೆ ಮಾಸ್ಟರಿ ಎಂಬ ಹೊಸ ಗುಣ.

ಹೆಸರು ಒಂದೇ, ಲೆಕ್ಕ ಬೇರೆ – ಇದು ಎರಡನ್ನೂ ಬೆರೆಸಿದವರಿಗೆ ಕಾದಿರುವ ಗುಂಡಿ. ಕ್ಯೂರ್ ವೂಂಡ್ಸ್ ಮಂತ್ರಕ್ಕೆ 5.1ರಲ್ಲಿ 8 ಮುಖದ ದಾಳ ಒಂದು, 5.2ರಲ್ಲಿ ಎರಡು. ಆಯಾಸಕ್ಕೆ 5.1ರಲ್ಲಿ ಆರು ಹಂತಗಳ ಕೋಷ್ಟಕ, 5.2ರಲ್ಲಿ ಪ್ರತಿ ಹಂತಕ್ಕೆ 20 ಮುಖದ ದಾಳದ ಪರೀಕ್ಷೆಗಳಲ್ಲಿ 2 ಕಡಿತ, ನಡಿಗೆಯಲ್ಲಿ 5 ಅಡಿ ಕಡಿತ. ಹಾಫ್-ಎಲ್ಫ್, ಹಾಫ್-ಆರ್ಕ್ 5.1ರಲ್ಲಿದ್ದರು, 5.2ರ ಪಟ್ಟಿಯಲ್ಲಿಲ್ಲ; ಆರ್ಕ್, ಗೋಲಿಯಾತ್ ಬಂದಿದ್ದಾರೆ. ಹಳೆಯ ಶೀಟನ್ನು ಹೊಸ ಡೇಟಾದ ಮೇಲೆ ತೆರೆದರೆ ಹಾಫ್-ಎಲ್ಫ್ ಪಾತ್ರದ ಕೊಂಡಿ ಎಲ್ಲಿಗೂ ತಾಗದೆ ಆ್ಯಪ್ ಬೀಳುತ್ತದೆ. ಪ್ರತಿ ನಮೂದಿಗೂ ಮೂಲದ ಆವೃತ್ತಿಯನ್ನು ಅಂಟಿಸಿಡಿ. ಒಂದು ನಮೂದು ಹೀಗಿದ್ದರೆ ಸಾಕು:

ಗುರುತು: ಮಂತ್ರ-ಮಾಯಾಬಾಣ-51
ಹೆಸರು: ಮಾಯಾಬಾಣ
ಮೂಲದ ಹೆಸರು: ಮ್ಯಾಜಿಕ್ ಮಿಸೈಲ್
ಮೂಲ: ಎಸ್‌ಆರ್‌ಡಿ 5.1
ಲೈಸೆನ್ಸ್: ಸಿಸಿ-ಬೈ 4.0
ಬದಲಾವಣೆ: ಕನ್ನಡಕ್ಕೆ ಅನುವಾದ
ಮಟ್ಟ: 1
ಬಾಣಗಳು: 3
ಪ್ರತಿ ಬಾಣದ ಪೆಟ್ಟು: 1ಡಿ4+1

(1ಡಿ4+1 ಎಂದರೆ 4 ಮುಖದ ದಾಳ ಒಂದು ಹಾಕಿ 1 ಸೇರಿಸುವುದು.) ‘ಬದಲಾವಣೆ’ ಸಾಲು ಅಲಂಕಾರಕ್ಕಲ್ಲ. ಮೂಲವನ್ನು ಬದಲಿಸಿದ್ದರೆ ಹೇಳಬೇಕು ಎಂದು ಸಿಸಿ-ಬೈಯ 3ನೇ ವಿಧಿ ಕೇಳುತ್ತದೆ, ಅನುವಾದವೂ ಬದಲಾವಣೆಯೇ. ಕೃತಜ್ಞತೆಯ ಸಾಲನ್ನು ಎಸ್‌ಆರ್‌ಡಿಯ ಮೊದಲ ಪುಟದಲ್ಲಿ ಅವರೇ ಬರೆದುಕೊಟ್ಟಿದ್ದಾರೆ. ಅದನ್ನು ಇಂಗ್ಲಿಷಿನಲ್ಲೇ, ಅಕ್ಷರ ಬದಲಿಸದೆ ‘ಆ್ಯಪ್ ಬಗ್ಗೆ’ ಪುಟದಲ್ಲಿ ಹಾಕಿ. ಅದರ ಕೆಳಗೆ ಕನ್ನಡದಲ್ಲಿ: ‘ಇದು ಎಸ್‌ಆರ್‌ಡಿ 5.1ರ ಕನ್ನಡ ಅನುವಾದ. ಮೂಲ ಪ್ರಕಾಶಕರು ಇದನ್ನು ಪರಿಶೀಲಿಸಿಲ್ಲ, ಅನುಮೋದಿಸಿಯೂ ಇಲ್ಲ.’ ಕಂಪೆನಿಯ ಹೆಸರನ್ನು ಬೇರೆಲ್ಲೂ ಎಳೆದು ತರಬೇಡಿ ಎಂದು ಅದೇ ಪುಟ ವಿನಂತಿಸುತ್ತದೆ. ಬದಲಿಗೆ ‘5ಇಗೆ ಹೊಂದುತ್ತದೆ’ ಎಂದು, ಅಂದರೆ 5ನೇ ಆವೃತ್ತಿಗೆ ಹೊಂದುತ್ತದೆ ಎಂದು, ಹಾಕಿಕೊಳ್ಳಲು ಒಪ್ಪಿಗೆ ಕೊಡುತ್ತದೆ. ಒಜಿಎಲ್‌ನಲ್ಲಿ ಇಲ್ಲದ ಸೌಕರ್ಯ ಇದು.

ಜನ ಓದದೆ ಬಿಡುವ ಒಂದು ಷರತ್ತು: ಸಿಸಿ-ಬೈ ಪಠ್ಯದ ಮೇಲೆ ಬೀಗ ಹಾಕುವಂತಿಲ್ಲ. ಪಡೆದವನು ತನ್ನ ಹಕ್ಕನ್ನು ಬಳಸದಂತೆ ತಡೆಯುವ ತಾಂತ್ರಿಕ ಕ್ರಮ ಕೂಡದು. ಎನ್‌ಕ್ರಿಪ್ಟ್ ಮಾಡಿದ ಡೇಟಾಬೇಸಿನಲ್ಲಿ ಎಸ್‌ಆರ್‌ಡಿ ಪಠ್ಯವನ್ನು ಮುಚ್ಚಿಟ್ಟು ‘ಪ್ರೀಮಿಯಂಗೆ ಮಾತ್ರ’ ಎಂದರೆ ಜಗಳಕ್ಕೆ ಕರೆದಂತೆ. ಆ್ಯಪಿಗೆ ದುಡ್ಡು ತೆಗೆದುಕೊಳ್ಳಿ, ಲೆಕ್ಕದ ಸೌಲಭ್ಯಕ್ಕೆ ತೆಗೆದುಕೊಳ್ಳಿ. ಎಸ್‌ಆರ್‌ಡಿ ಡೇಟಾ ಮಾತ್ರ ಸಾದಾ ಜೇಸನ್ ಫೈಲಿನಲ್ಲಿರಲಿ, ಹೊರತೆಗೆಯುವ ಗುಂಡಿಯೂ ಇರಲಿ.

ತಪ್ಪಾದರೆ ಹೇಗೆ? 4.0ರಲ್ಲಿ ತಪ್ಪು ತಿಳಿದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ತಾನಾಗಿ ಮರಳುತ್ತದೆ. 3.0ರಲ್ಲಿ ಈ ಸೌಲಭ್ಯವಿಲ್ಲ. ಕೆಲವು ಒಳ್ಳೆಯ ಆಟಗಳು ಇನ್ನೂ 3.0ರಲ್ಲೇ ಇರುವುದರಿಂದ ಇದನ್ನು ಹೇಳಬೇಕಾಯಿತು: ಫೇಟ್ ಕೋರ್ (2013; ಒಜಿಎಲ್‌ನಲ್ಲೂ ಸಿಗುತ್ತದೆ), ಡಂಜನ್ ವರ್ಲ್ಡ್, ಬ್ಲೇಡ್ಸ್ ಇನ್ ದ ಡಾರ್ಕ್‌ನ ಎಸ್‌ಆರ್‌ಡಿ.

ಈ ಮೂರನ್ನು ಚಿಕ್ಕವೆಂದು ತಳ್ಳಿಹಾಕಬೇಡಿ. ಮೊದಲ ಆ್ಯಪಿಗೆ 300ಕ್ಕೂ ಹೆಚ್ಚು ಮಂತ್ರಗಳ ಅನುವಾದಕ್ಕೆ ಕೂರುವುದಕ್ಕಿಂತ ಇವು ಎಷ್ಟೋ ಹಗುರ. ಬ್ಲೇಡ್ಸ್‌ನಲ್ಲಿ 6 ಮುಖದ ಕೆಲವು ದಾಳ ಹಾಕಿ ದೊಡ್ಡದನ್ನು ನೋಡಿದರಾಯಿತು: 6 ಬಂದರೆ ಪೂರ್ಣ ಜಯ, 4–5 ಅರ್ಧ, 1–3 ಸೋಲು, ಎರಡು 6 ಬಿದ್ದರೆ ಕ್ರಿಟಿಕಲ್. ದಾಳವೇ ಇಲ್ಲದಿದ್ದರೆ ಎರಡು ಹಾಕಿ ಸಣ್ಣದನ್ನು ಹಿಡಿಯಬೇಕು. ಇದನ್ನು ಮರೆತ ಕೋಡ್ ಸೊನ್ನೆ ದಾಳದಲ್ಲಿ ಕುಸಿಯುತ್ತದೆ.

ಓಆರ್‌ಸಿ: ಕೊಟ್ಟು ತೆಗೆದುಕೊಳ್ಳುವ ಲೆಕ್ಕ

2023ರ ಜನವರಿಯ ಗದ್ದಲಕ್ಕೆ ಪಾತ್‌ಫೈಂಡರ್ ಪ್ರಕಾಶಕರಾದ ಪೈಝೋ ಮತ್ತು ಜೊತೆಗಾರರ ಉತ್ತರ ಓಆರ್‌ಸಿ ಲೈಸೆನ್ಸ್. ಅಂತಿಮ ರೂಪ ಬಂದದ್ದು ಆ ವರ್ಷ ಜೂನ್ ಕೊನೆಗೆ. ಯಾವ ಒಂದು ಪ್ರಕಾಶಕನ ಕೈಯಲ್ಲೂ ಇರದಂತೆ, ಯಾರೂ ಬದಲಿಸಲಾಗದಂತೆ ಅಜೋರಾ ಲಾ ಎಂಬ ವಕೀಲರ ಸಂಸ್ಥೆ ಬರೆದದ್ದು. ಪಾತ್‌ಫೈಂಡರ್ ಎರಡನೇ ಆವೃತ್ತಿಯ ರಿಮಾಸ್ಟರ್ (ಪರಿಷ್ಕೃತ) ಪುಸ್ತಕಗಳು (2023ರ ನವೆಂಬರಿನ ಪ್ಲೇಯರ್ ಕೋರ್, ಜಿಎಂ ಕೋರ್ ಮೊದಲುಗೊಂಡು) ಇದರಡಿ ಬರುತ್ತವೆ. ಕೇಯಾಸಿಯಂ ಕಂಪೆನಿಯ ಬೇಸಿಕ್ ರೋಲ್‌ಪ್ಲೇಯಿಂಗ್ ಕೂಡ 2023ರಿಂದ ಇಲ್ಲೇ; ನೂರರ ಲೆಕ್ಕದ ದಾಳ ಇಷ್ಟಪಡುವವರು ಅತ್ತ ನೋಡಿ.

ಸಿಸಿ-ಬೈಗೂ ಇದಕ್ಕೂ ಮುಖ್ಯ ವ್ಯತ್ಯಾಸ ಮರಳಿಸುವುದರಲ್ಲಿ. ಓಆರ್‌ಸಿ ನಿಯಮಗಳನ್ನು ಬಳಸಿ ನೀವು ಹೊಸ ಮಂತ್ರವನ್ನೋ ವರ್ಗವನ್ನೋ ಕಟ್ಟಿದರೆ ಅದರ ಆಟದ ಭಾಗವೂ ತಾನಾಗಿ ಓಆರ್‌ಸಿಯಡಿ ಎಲ್ಲರಿಗೂ ತೆರೆದುಕೊಳ್ಳುತ್ತದೆ, ಬೇಡವೆನ್ನುವಂತಿಲ್ಲ. ಕತೆ, ಪಾತ್ರ, ಊರು, ಚಿತ್ರ, ಟ್ರೇಡ್‌ಮಾರ್ಕ್ ಇವು ‘ರಿಸರ್ವ್ಡ್ ಮೆಟೀರಿಯಲ್’, ಅಂದರೆ ಕಾದಿರಿಸಿದ್ದು, ನಿಮ್ಮಲ್ಲೇ ಉಳಿಯುತ್ತವೆ. ಪೈಝೋದ ಗೊಲಾರಿಯನ್ ಲೋಕ, ಅದರ ದೇವತೆಗಳು ಅದೇ ಕಾರಣಕ್ಕೆ ನಿಮಗೆ ಸಿಗುವುದಿಲ್ಲ. ಸೂಚನೆಯಲ್ಲಿ ಮೂಲಗಳ ಉಲ್ಲೇಖ, ಕಾದಿರಿಸಿದ್ದರ ವಿವರ, ಮತ್ತು ಲೈಸೆನ್ಸ್ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಟಿಎಕ್ಸ್ 9-307-067 ಸಂಖ್ಯೆಯಲ್ಲಿದೆ ಎಂಬ ಸಾಲು ಬರಬೇಕು.

ಡೇಟಾ ಎಲ್ಲಿಂದ ತೆಗೆದಿರಿ ಎಂಬುದರಲ್ಲಿ ಇಲ್ಲಿ ವಿಶೇಷ ಎಚ್ಚರ ಬೇಕು. ಪಾತ್‌ಫೈಂಡರ್ ಎರಡನೇ ಆವೃತ್ತಿಯ 2019ರಿಂದೀಚಿನ ಹಳೆಯ ಪುಸ್ತಕಗಳು ಒಜಿಎಲ್‌ನಲ್ಲಿವೆ. ಜಾಲದಲ್ಲಿ ಸಿಗುವ ಸಿದ್ಧ ಡೇಟಾದಲ್ಲಿ ಎರಡೂ ಕಲಸಿಕೊಂಡಿರುತ್ತವೆ. ಹೆಸರು ನೋಡಿಯೇ ಒಂದಷ್ಟು ಪತ್ತೆ ಹಚ್ಚಬಹುದು: ‘ಮ್ಯಾಜಿಕ್ ಮಿಸೈಲ್’ ಎಂದಿದ್ದರೆ ಹಳೆಯದು, ರಿಮಾಸ್ಟರ್‌ನಲ್ಲಿ ಅದು ‘ಫೋರ್ಸ್ ಬ್ಯಾರೇಜ್’, ‘ಅಟ್ಯಾಕ್ ಆಫ್ ಆಪರ್ಚುನಿಟಿ’ ಈಗ ‘ರಿಯಾಕ್ಟಿವ್ ಸ್ಟ್ರೈಕ್’, ‘ಫ್ಲ್ಯಾಟ್-ಫೂಟೆಡ್’ ಈಗ ‘ಆಫ್-ಗಾರ್ಡ್’. ಮಂತ್ರಕ್ಕೆ ‘ಸ್ಕೂಲ್’, ಪಾತ್ರಕ್ಕೆ ‘ಅಲೈನ್‌ಮೆಂಟ್’ ಕಂಡರೂ ಅದು ಒಜಿಎಲ್ ಕಾಲದ್ದೇ.

ಲೆಕ್ಕದಲ್ಲಿ ಈ ಆಟ ಕೋಡ್ ಬರೆಯುವವರಿಗೆ ಹಿಡಿಸುತ್ತದೆ, ಏಕೆಂದರೆ ನಿಯಮ ಗಟ್ಟಿ. ಗುರಿಯನ್ನು 10 ಅಥವಾ ಹೆಚ್ಚಿನಿಂದ ಮೀರಿದರೆ ಮಹಾಜಯ, 10 ಅಥವಾ ಹೆಚ್ಚಿನಿಂದ ತಪ್ಪಿದರೆ ಮಹಾಸೋಲು. ಆಮೇಲೆ ದಾಳದಲ್ಲಿ 20 ಬಿದ್ದಿದ್ದರೆ ಒಂದು ಮೆಟ್ಟಿಲು ಮೇಲೆ, 1 ಬಿದ್ದಿದ್ದರೆ ಒಂದು ಕೆಳಗೆ. ಈ ಅನುಕ್ರಮ ತಿರುಗಿಸಿದರೆ ತಪ್ಪು: 20 ಬಿತ್ತೆಂದು ನೇರವಾಗಿ ಮಹಾಜಯ ಕೊಡುವ ಕೋಡ್ ಬಹಳ ಕಡೆ ಕಾಣುತ್ತದೆ. ತರಬೇತಿಯಿಲ್ಲದ ಕೌಶಲಕ್ಕೆ ಸೊನ್ನೆ, ಅಲ್ಲಿ ಮಟ್ಟವೂ ಸೇರುವುದಿಲ್ಲ. ತರಬೇತಿ ಇದ್ದರೆ ಮಟ್ಟದ ಜೊತೆ 2, 4, 6, 8.

ಬೈ-ಎಸ್‌ಎ, ಎನ್‌ಸಿ: ಚಿಕ್ಕದಾಗಿ

ಬೇಸಿಕ್ ಫ್ಯಾಂಟಸಿ ಎಂಬ ಆಟ ತನ್ನ ನಾಲ್ಕನೇ ಆವೃತ್ತಿಗೆ ಒಜಿಎಲ್ ಬಿಟ್ಟು ಸಿಸಿ-ಬೈ-ಎಸ್‌ಎ 4.0ಗೆ ಬಂದಿದೆ, ಕೇರ್ನ್ ಕೂಡ ಅದೇ ಲೈಸೆನ್ಸಿನಲ್ಲಿದೆ. ಇವನ್ನು ಅನುವಾದಿಸಿದರೆ ಅನುವಾದವೂ ಬೈ-ಎಸ್‌ಎ ಆಗಿಯೇ ಹೊರಬರಬೇಕು. ಆ್ಯಪನ್ನು ಜಿಪಿಎಲ್ 3 ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನಲ್ಲಿ ಬಿಡುವವರಿಗೆ ಇದೊಂದು ಅನುಕೂಲ: ಬೈ-ಎಸ್‌ಎ 4.0 ಸಾಮಗ್ರಿಯನ್ನು ಜಿಪಿಎಲ್ 3ರ ಕೃತಿಗೆ ಸೇರಿಸಬಹುದು ಎಂದು ಕ್ರಿಯೇಟಿವ್ ಕಾಮನ್ಸ್ 2015ರಲ್ಲೇ ಒಪ್ಪಿದೆ. ದಾರಿ ಒಮ್ಮುಖ, ಜಿಪಿಎಲ್‌ನಿಂದ ಹಿಂದಕ್ಕೆ ಬರುವಂತಿಲ್ಲ. ಎನ್‌ಸಿ ಎಂಬ ಅಕ್ಷರ, ಅಂದರೆ ವ್ಯಾಪಾರಕ್ಕೆ ಬಳಸಬಾರದೆಂಬ ಷರತ್ತು, ಕಂಡಲ್ಲಿ ಕೈ ಹಿಂದೆ ತೆಗೆಯಿರಿ. ಇಂದು ಉಚಿತ ಎಂದು ಬಿಟ್ಟ ಆ್ಯಪಿಗೆ ನಾಳೆ ಸರ್ವರ್ ಖರ್ಚು ಹೊರಲು ಜಾಹೀರಾತು ಹಾಕಿದಿರೋ, ಎಲ್ಲ ಡೇಟಾವನ್ನು ಕಿತ್ತು ಹಾಕಬೇಕಾದೀತು.

ಬೆರೆಸುವಾಗ ಅಡುಗೆ ಕೆಡುವುದು

ಕೋಡಿನ ಲೈಸೆನ್ಸ್ ಬೇರೆ, ಡೇಟಾದ ಲೈಸೆನ್ಸ್ ಬೇರೆ. ಕ್ರಿಯೇಟಿವ್ ಕಾಮನ್ಸಿನವರೇ ತಮ್ಮ ಲೈಸೆನ್ಸನ್ನು ಕೋಡಿಗೆ ಹಾಕಬೇಡಿ ಎನ್ನುತ್ತಾರೆ. ಕೋಡಿಗೆ ಎಂಐಟಿಯನ್ನೋ ಜಿಪಿಎಲ್ಲನ್ನೋ ಕೊಡಿ. ಡೇಟಾವನ್ನು ಮೂಲಕ್ಕೊಂದು ಫೋಲ್ಡರ್ ಮಾಡಿ, ಪ್ರತಿಯೊಂದರಲ್ಲೂ ಅದರದ್ದೇ ಲೈಸೆನ್ಸ್ ಫೈಲ್ ಇಡಿ: ಎಸ್‌ಆರ್‌ಡಿ 5.1ಕ್ಕೊಂದು, 5.2ಕ್ಕೊಂದು, ಓಆರ್‌ಸಿಗೊಂದು, ಒಜಿಎಲ್‌ಗೊಂದು, ನಿಮ್ಮ ಸ್ವಂತ ಕತೆಗೊಂದು, ಫಾಂಟಿಗೊಂದು. ಸಿಸಿ-ಬೈ ಸಾಮಗ್ರಿಯನ್ನು ಉಲ್ಲೇಖದ ಸಮೇತ ಓಆರ್‌ಸಿ ಕೃತಿಯೊಳಗೆ ತರಬಹುದು. ಓಆರ್‌ಸಿಯದ್ದನ್ನು ಸಿಸಿ-ಬೈ ಎಂದು ಹೊರಗೆ ಬಿಡುವಂತಿಲ್ಲ. ಒಜಿಎಲ್ ಮತ್ತು ಓಆರ್‌ಸಿಯನ್ನು ಒಂದೇ ನಮೂದಿನಲ್ಲಿ ಕಲಸಬೇಡಿ. ಬಳಕೆದಾರ ಬೇಕಾದರೆ ಇಳಿಸಿಕೊಳ್ಳುವ ಬೇರೆ ಪ್ಯಾಕ್ ಆಗಿ ಒಜಿಎಲ್ ಡೇಟಾವನ್ನು ಇಟ್ಟರೆ ಅದರ ಎರಡು ಪುಟದ 15ನೇ ಕಲಂ ಆ ಪ್ಯಾಕಿಗೆ ಮಾತ್ರ ಅಂಟಿಕೊಳ್ಳುತ್ತದೆ.

ಫಾಂಟನ್ನು ಏಕೆ ಎಣಿಸಿದ್ದೆಂದರೆ, ಕನ್ನಡ ಆ್ಯಪಿನಲ್ಲಿ ಅದೂ ಒಂದು ಲೈಸೆನ್ಸ್. ನೋಟೋ ಸ್ಯಾನ್ಸ್ ಕನ್ನಡ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1ರಲ್ಲಿದೆ, ಆ್ಯಪಿನಲ್ಲಿ ಹುದುಗಿಸಬಹುದು, ಬರೀ ಫಾಂಟನ್ನೇ ಮಾರುವಂತಿಲ್ಲ.

ನಿಯಮ ಕನ್ನಡಕ್ಕಿಳಿದಾಗ ಕೋಡಿನಲ್ಲಿ ಬಿರುಕು ಬಿಡುವ ಜಾಗಗಳು

ಸಾಮರ್ಥ್ಯಾಂಕದಿಂದ 10 ಕಳೆದು 2ರಿಂದ ಭಾಗಿಸಿ ಕೆಳಕ್ಕೆ ಇಳಿಸುವುದು 5ಇಯ ಮೂಲ ಲೆಕ್ಕ. ಅಂಕ 9 ಇದ್ದರೆ ಉತ್ತರ −1. ಜಾವಾ, ಸಿ ಭಾಷೆಗಳ ಸಾದಾ ಪೂರ್ಣಾಂಕ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುವುದರಿಂದ 0 ಬರುತ್ತದೆ, 10ಕ್ಕಿಂತ ಕೆಳಗಿನ ಬೆಸ ಅಂಕಗಳಿಗೆಲ್ಲ ಒಂದು ಅಂಕ ಪುಕ್ಕಟೆ. ಜಾವಾದಲ್ಲಿ ಫ್ಲೋರ್‌ಡಿವ್ ಬಳಸಿ. ಪೈಥಾನಿನ ಎರಡು ಗೆರೆಯ ಭಾಗಾಕಾರ ಸರಿಯಾಗಿಯೇ ಇದೆ.

ದಾಳದಲ್ಲೂ ಮೋಸ ನುಸುಳುತ್ತದೆ. 0ರಿಂದ 255ರ ಯಾದೃಚ್ಛಿಕ ಬೈಟನ್ನು 20ರಿಂದ ಭಾಗಿಸಿ ಶೇಷಕ್ಕೆ 1 ಸೇರಿಸಿದರೆ 1ರಿಂದ 16ರವರೆಗಿನ ಮುಖಗಳಿಗೆ 256ರಲ್ಲಿ 13 ಪಾಲು, 17ರಿಂದ 20ಕ್ಕೆ 12 ಪಾಲು. ಅಂದರೆ 20 ಬೀಳುವುದು ಶೇಕಡ 5ರ ಬದಲು 4.7ರಷ್ಟು. 240 ಮತ್ತು ಮೇಲಿನ ಬೈಟುಗಳನ್ನು ಎಸೆದು ಮತ್ತೆ ಹಾಕಿ. ಫೇಟ್‌ನ ನಾಲ್ಕು ದಾಳಕ್ಕೆ (ಪ್ರತಿಯೊಂದರಲ್ಲೂ −1, 0, +1 ಸಮಪಾಲು) −4ರಿಂದ +4ರವರೆಗೆ ಸಮಾನವಾಗಿ ಒಂದು ಸಂಖ್ಯೆ ಆರಿಸುವುದು ಇನ್ನೂ ದೊಡ್ಡ ತಪ್ಪು. ನಿಜದಲ್ಲಿ 81 ಸಾಧ್ಯತೆಗಳಲ್ಲಿ 19 ಸೊನ್ನೆ, +4 ಒಂದೇ ಒಂದು.

ಬಳಕೆದಾರ ‘೨ಡಿ೬’ ಎಂದು ಕನ್ನಡ ಅಂಕಿಯಲ್ಲಿ ಹೊಡೆದರೆ? ಜಾವಾಸ್ಕ್ರಿಪ್ಟಿನ ರೆಗೆಕ್ಸ್‌ನಲ್ಲಿ ಅಂಕಿಯ ಗುರುತು ಇಂಗ್ಲಿಷ್ ಅಂಕಿಗಳನ್ನಷ್ಟೇ ಹಿಡಿಯುತ್ತದೆ, ಪೈಥಾನ್ 3ರಲ್ಲಿ ಕನ್ನಡ ಅಂಕಿಯನ್ನೂ ಹಿಡಿಯುತ್ತದೆ. ಎರಡು ಕಡೆಯೂ ಒಂದೇ ನಡತೆ ಬೇಕಾದರೆ ಮೊದಲೇ ಅಂಕಿಗಳನ್ನು ಬದಲಿಸಿಕೊಳ್ಳಿ. ಹುಡುಕಾಟಕ್ಕೆ ಕೊಡುವ ಮೊದಲು ಪಠ್ಯವನ್ನು ಯುನಿಕೋಡಿನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ, ಏಕೆಂದರೆ ‘ೊ’ ಒಂದೇ ಸಂಕೇತವಾಗಿಯೂ ಎರಡಾಗಿಯೂ ಬರುತ್ತದೆ. ‘ಫೈರ್‌ಬಾಲ್’ನಂಥ ಹೆಸರಿನ ನಡುವೆ ಕೂತ ಕಾಣದ ಝಡ್‌ಡಬ್ಲ್ಯೂಎನ್‌ಜೆ ಅಕ್ಷರವನ್ನು ಹುಡುಕುವಾಗ ತೆಗೆದುಹಾಕಿ, ಇಲ್ಲದಿದ್ದರೆ ಒಬ್ಬರ ಫೋನಿನಲ್ಲಿ ಸಿಗುವ ಮಂತ್ರ ಇನ್ನೊಬ್ಬರಿಗೆ ಸಿಗುವುದಿಲ್ಲ. ನುಡಿ, ಬರಹದ ಹಳೆಯ ಫಾಂಟ್ ಸಂಕೇತದಲ್ಲಿ ಯಾರಾದರೂ ಅನುವಾದ ಕಳಿಸಿದರೆ ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಶಬ್ದಗಳನ್ನು ಕಣ್ಣಿಂದಲೇ ಒಮ್ಮೆ ನೋಡಿ.

ಸ್ವಂತ ಕತೆ, ಮತ್ತು ಬಳಕೆದಾರರು ಸೇರಿಸುವುದು

ಆಟದ ನಿಯಮ ಹೊರಗಿನದ್ದಾದರೂ ಲೋಕ ನಮ್ಮದೇ ಆಗಬಹುದು. ಬೇಕಲ ಕೋಟೆ, ಚಂದ್ರಗಿರಿ ಹೊಳೆ, ಅನಂತಪುರದ ಕೆರೆ ಯಾರ ಕಾಪಿರೈಟೂ ಅಲ್ಲ. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳ ಮೂಲಪಾಠ ಎಂದೋ ಮುಕ್ತವಾಗಿದೆ. ಇತ್ತೀಚಿನ ಸಂಪಾದಕರ ಪೀಠಿಕೆ, ಟಿಪ್ಪಣಿ, ಆಟದ ಧ್ವನಿಮುದ್ರಣ ಮುಕ್ತವಲ್ಲ. ನಮ್ಮ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ, ಹೊಸ ಪ್ರಸಂಗಕರ್ತರ ಪದ್ಯಕ್ಕೆ ಕೈ ಹಾಕುವ ಮುನ್ನ ಇಸವಿ ನೋಡಿ. ಊರಿನ ದೈವಕ್ಕೆ ಹಿಟ್ ಪಾಯಿಂಟ್ ಕೊಟ್ಟು ರಾಕ್ಷಸರ ಪಟ್ಟಿಗೆ ಸೇರಿಸುವುದನ್ನು ಯಾವ ಲೈಸೆನ್ಸೂ ತಡೆಯುವುದಿಲ್ಲ, ಆದರೂ ಬೇಡ. ಹರಕೆ ಹೊತ್ತ ಮನೆಯವರು ಅದೇ ಮೇಜಿನಲ್ಲಿ ಕೂತಿರುತ್ತಾರೆ.

ಕೊನೆಗೆ ಬಳಕೆದಾರರು. ‘ನಿಮ್ಮದೇ ಮಂತ್ರ ಸೇರಿಸಿ’ ಎಂಬ ಗುಂಡಿ ಇಟ್ಟ ಕೂಡಲೇ ಯಾರೋ ಕೊಂಡ ಪುಸ್ತಕದ ಪುಟವನ್ನು ಪೂರ್ತಿ ಹೊಡೆದು ಹಾಕುತ್ತಾರೆ. ಅದು ಅವರ ಫೋನಿನಲ್ಲೇ ಉಳಿದರೆ ತಲೆನೋವು ಕಡಿಮೆ. ನಿಮ್ಮ ಸರ್ವರಿನಿಂದ ಎಲ್ಲರಿಗೂ ಹಂಚಿಕೆಯಾದರೆ ನೀವು ಮಧ್ಯವರ್ತಿ. ಹಕ್ಕುದಾರರ ಲಿಖಿತ ದೂರು ಬಂದರೆ 36 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು ಎನ್ನುತ್ತದೆ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮ. ದೂರು ಕಳಿಸಲು ಒಂದು ಮಿಂಚಂಚೆ ವಿಳಾಸ, ಪ್ರತಿ ನಮೂದಿಗೂ ಸೇರಿಸಿದವರ ಗುರುತು, ಒಂದೇ ನಮೂದನ್ನು ಮರೆಮಾಡುವ ಸ್ವಿಚ್ ಮೂರೂ ಮೊದಲ ಬಿಡುಗಡೆಯಲ್ಲೇ ಇರಲಿ. ಮೊದಲ ಆವೃತ್ತಿಗೆ ಹಂಚಿಕೆಯ ಸೌಲಭ್ಯವನ್ನೇ ಬಿಟ್ಟು, ಫೈಲಾಗಿ ಹೊರತೆಗೆದು ವಾಟ್ಸ್ಆ್ಯಪಿನಲ್ಲಿ ಕಳಿಸಿಕೊಳ್ಳುವ ಹಾಗೆ ಮಾಡಿದರೆ ಸರ್ವರ್ ಖರ್ಚೂ ಉಳಿಯುತ್ತದೆ, ನೆಟ್‌ವರ್ಕ್ ಸಿಗದ ಗುಡ್ಡೆಯ ಮನೆಯಲ್ಲೂ ಆಟ ನಡೆಯುತ್ತದೆ.